ಕರೆಂಟ್ ಹೋದಾಗ ಬಿದ್ದ ಮಾತು

ಮೊಳಕಾಲ್ಮೂರು
ಗೌರಿ ಹಬ್ಬ ಕಳೆದ ಮುಂದಿನ ವಾರ, 2021

ಕಿವಿಯೂ ಕೇಳದ, ಮಾತೂ ಕೇಳದ ನನ್ನ ಮುದ್ದಿನ ತಮ್ಮ ವೀರೇಶನಿಗೆ,

ಮೊದಲ ಸಾಲಿಗೇ ಸಿಟ್ಟು ಮಾಡಿಕೊಂಡು ಕಾಗದ ಮಡಚಿ ದಿಂಬಿನ ಕೆಳಗೆ ತುರುಕಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಒಂದು ಲೋಟ ನೀರು ಕುಡಿ, ಕಿಟಕಿಯ ಹತ್ತಿರ ಬೆಳಕಿಗೆ ಕೂತುಕೋ, ಪೂರ್ತಿ ಓದು. ಮೊಬೈಲಿನ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಇದೇನು ಎಂದು ನಮ್ಮತ್ತೆ ಓಬಳಮ್ಮ ಬೆಳಗಿನಿಂದ ತೆಲುಗಿನಲ್ಲೂ ಕನ್ನಡದಲ್ಲೂ ಕೇಳಿ ಆಯಿತು. ಸೀರೆಯ ಅಂಚನ್ನು ಅರ್ಧಕ್ಕೆ ನಿಲ್ಲಿಸಿ ಮಗ್ಗದಿಂದ ಎದ್ದು ಬಂದ ಸೊಸೆಯನ್ನು ಅವರು ನೋಡಿದ್ದು ಇದೇ ಮೊದಲು.

ಏನು ಮಾಡಲಿ ಹೇಳು. ಫೋನಿನಲ್ಲಿ ನೀನು ಎಲ್ಲದಕ್ಕೂ "ಹ್ಞೂಂ" ಅನ್ನುತ್ತೀಯ. ಗೌರಿ ಹಬ್ಬದ ದಿನ ಊಟ ಆಯ್ತಾ ಎಂದು ಕೇಳಿದರೆ ಹ್ಞೂಂ ಅಂದೆ. ಏನು ಊಟ ಮಾಡಿದೆ ಎಂದರೂ ಹ್ಞೂಂ ಅಂದೆ. ನಿನಗೊಂದು ಹುಡುಗಿ ನೋಡಿದ್ದೀವಿ, ಅವಳಿಗೆ ಎರಡು ಕೊಂಬಿದೆ ಎಂದೆ. ಅದಕ್ಕೂ ಹ್ಞೂಂ! ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಳ್ಳುತ್ತೀಯ. ಕಾಗದಕ್ಕೆ ಹ್ಞೂಂ ಅನ್ನಲು ಬರುವುದಿಲ್ಲ, ಹೆಬ್ಬೆರಳು ಒತ್ತಲೂ ಬರುವುದಿಲ್ಲ. ಅದಕ್ಕೇ ಕಾಗದ.

ಅವತ್ತಿನ ಫೋನಿನಲ್ಲಿ ನೀನು ನಿಜವಾಗಿ ಆಡಿದ್ದು ಒಂದೇ ಮಾತು. "ಅಕ್ಕಾ, ಈ ಸಲ ಆಟಕ್ಕೆ ಜನರನ್ನ ಒಳಗೆ ಬಿಡ್ತಾರಂತಾ? ವಲಿಸಾಬ್ ಕಾಕಾನ ಕೇಳಿ ಹೇಳು. ಜನ ಬಂದ್ರೆ ಕ್ಯಾಂಪಿಗೆ ಹೋಗ್ತೀನಿ. ಇಲ್ಲಾಂದ್ರೆ ಫುಟ್‌ಬಾಲ್ ಸಾಕು, ಊರಿಗೆ ಬರ್ತೀನಿ. ಮಿಲ್ಲಲ್ಲಿ ಮೂಟೆ ಹೊರೋಕೆ ಆಳು ಬೇಕೇ ಬೇಕಲ್ಲ." ಬೇರೆ ಯಾರಾದರೂ ಕೇಳಿದ್ದರೆ, ಪಾಪ, ಹುಡುಗ ಚಪ್ಪಾಳೆಗೆ ಹಂಬಲಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ನಾನು ಅಂದುಕೊಳ್ಳಲಿಲ್ಲ. ಚಪ್ಪಾಳೆ ಕಟ್ಟಿಕೊಂಡು ನಿನಗೇನಾಗಬೇಕು? ನಿನಗೆ ಬೇಕಿರುವುದು ಗದ್ದಲ. ಅದು ಗೊತ್ತಿರುವುದು ಈ ಭೂಮಿಯ ಮೇಲೆ ಅವ್ವನಿಗೆ, ವಲಿಸಾಬ್ ಕಾಕಾನಿಗೆ, ನನಗೆ ಮಾತ್ರ.

ಮರುದಿನವೇ ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಬಿ.ಜಿ. ಕೆರೆಯ ತನಕ ನಿಂತೇ ಹೋದೆ. ಕಂಡಕ್ಟರ್ "ಮಾಸ್ಕ್ ಹಾಕ್ರೀ, ಮಾಸ್ಕ್ ಹಾಕ್ರೀ" ಎಂದು ಎಲ್ಲರ ಮೇಲೂ ಎಗರಾಡುತ್ತಿದ್ದ, ಅವನದು ಗದ್ದದ ಕೆಳಗೆ ನೇತಾಡುತ್ತಿತ್ತು. ವಲಿಸಾಬ್ ಕಾಕಾ ಬಸ್‌ಸ್ಟ್ಯಾಂಡ್ ಹಿಂದಿನ ತಮ್ಮ ಶೆಡ್ಡಿನಲ್ಲಿ ಬಿಚ್ಚಿಟ್ಟ ಮೋಟರಿನ ಪಕ್ಕ ಪೇಪರ್ ಹಾಸಿಕೊಂಡು ಕೂತಿದ್ದರು. ನಿನ್ನ ಲೀಗಿನ ಸುದ್ದಿ ಇದ್ದ ಮೂಲೆಯನ್ನು ಆಗಲೇ ಹರಿದಿಟ್ಟಿದ್ದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅದನ್ನು ಕೈಗಿಟ್ಟರು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ವೀರೇಶ. ಜನರನ್ನು ಬಿಡುವುದಿಲ್ಲ. ಹೋದ ಸಲದ ಹಾಗೇ ಎಲ್ಲ ತಂಡಗಳೂ ಗೋವಾದಲ್ಲಿ, ಹೋಟೆಲಿನಿಂದ ಮೈದಾನ, ಮೈದಾನದಿಂದ ಹೋಟೆಲು, ಸುತ್ತ ಖಾಲಿ ಕುರ್ಚಿ. ಎರಡೂ ಸೂಜಿ ಹಾಕಿಸಿಕೊಂಡವರನ್ನು ಅರ್ಧದಷ್ಟಾದರೂ ಬಿಡುತ್ತಾರೆ ಎಂದು ನಡುವೆ ಮಾತು ಹಬ್ಬಿತ್ತಂತೆ. ಮೂರನೇ ಅಲೆಯ ಭಯಕ್ಕೆ ಅದೂ ತಣ್ಣಗಾಯಿತು. ಸೀಸನ್ ಮುಗಿಯುವ ಹೊತ್ತಿಗೆ ಬಿಟ್ಟರೂ ಬಿಟ್ಟಾರು ಎಂದು ಕಾಕಾ ಹೇಳಿದರು. ಹೇಳುವಾಗ ನನ್ನ ಮುಖ ನೋಡದೆ ಮೋಟರಿನ ಮುಖ ನೋಡುತ್ತಿದ್ದರು. ನೀನು ಅದನ್ನು ನಂಬಿಕೊಂಡು ಕೂರಬೇಡ.

ನಿನ್ನ ಕಿವಿ ಯಾವಾಗ ಹೋಯಿತೋ ಅವ್ವನಿಗೂ ಸರಿಯಾಗಿ ಗೊತ್ತಿಲ್ಲ. ಚಿಕ್ಕವನಿದ್ದಾಗ ಎಡಗಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ಹತ್ತಿ ಇಟ್ಟು, ತಾನು ಕೂಲಿ ಮಾಡುವ ಶೇಂಗಾ ಮಿಲ್ಲಿನ ಕಂಬಕ್ಕೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಕಾಯಿ ಒಡೆಯುವ ಮಿಷನ್ನಿನ ಆ ಸದ್ದಿನಲ್ಲಿ ದೊಡ್ಡವರಿಗೇ ತಲೆ ಸಿಡಿಯುತ್ತಿತ್ತು, ನೀನು ಮಾತ್ರ ಹಾಯಾಗಿ ನಿದ್ದೆ ಹೊಡೆಯುತ್ತಿದ್ದೆ. ಎಂಥ ಗುಣವಂತ ಕೂಸು ಎಂದು ಮಿಲ್ಲಿನ ಹೆಂಗಸರೆಲ್ಲ ದೃಷ್ಟಿ ತೆಗೆಯುತ್ತಿದ್ದರು.

ನನಗೆ ಅನುಮಾನ ಬಂದದ್ದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಬಂಡೆಯ ಮೇಲೆ ನಿಂತು ಒಬ್ಬೊಬ್ಬರೇ ಹೆಸರು ಕೂಗುವುದು, ಎದುರಿನ ಗುಡ್ಡ ತಿರುಗಿ ಕೂಗುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ನೀನೂ ನಗುತ್ತಿದ್ದೆ, ಆದರೆ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದೆ. ಅವರ ಮುಖ ನೋಡಿ, ಓ ಈಗ ನಗಬೇಕು ಎಂದು ಗೊತ್ತು ಮಾಡಿಕೊಂಡು, ಆಮೇಲೆ ಎಲ್ಲರಿಗಿಂತ ಜೋರಾಗಿ. ಬೆಟ್ಟ ಇಳಿಯುವಾಗ ನಾನು ನಿನ್ನ ಎಡಗಡೆಯಿಂದ ಬಲಗಡೆಗೆ ಬಂದೆ. ಅವತ್ತಿನಿಂದ ಇವತ್ತಿನವರೆಗೂ ನಿನ್ನ ಜೊತೆ ನಡೆಯುವಾಗ ನಾನು ಬಲಗಡೆಗೇ ನಡೆಯುವುದು. ನೀನು ಗಮನಿಸಿದ್ದೀಯೋ ಇಲ್ಲವೋ.

ವಲಿಸಾಬ್ ಕಾಕಾ ಗಮನಿಸಿದ್ದರು. ಮಿಷನ್ ರಿಪೇರಿಗೆ ಬಂದವರು ಸಂಜೆ ಮಾರ್ಕೆಟ್ ಯಾರ್ಡಿನ ಬಯಲಲ್ಲಿ ಹುಡುಗರನ್ನು ಸೇರಿಸಿ ಚೆಂಡು ಒದೆಸುತ್ತಿದ್ದರಲ್ಲ, ಆಗ ನಿನ್ನನ್ನು ಎಡಗಡೆಯ ಬ್ಯಾಕ್ ಮಾಡಿದ್ದು ಯಾಕೆ ಅಂದುಕೊಂಡಿದ್ದೀ? ನಿನ್ನ ಎಡಗಾಲು ಚೆನ್ನಾಗಿದೆ ಅಂತಲೇ? ನಿನ್ನ ಎಡಗಾಲು ಆಗ ಬರೀ ಧೂಳು ಒದೆಯುತ್ತಿತ್ತು. ಅವ್ವನಿಗೆ ಅವರು ಹೇಳಿದ ಮಾತು ನಾನು ಕೇಳಿದ್ದೇನೆ. "ಬಸವಲಿಂಗಮ್ಮಾ, ಇವನ ಎಡಗಡೆ ಮೈದಾನದ ಗೆರೆ ಒಂದೇ ಇರ್ಲಿ. ಗೆರೆ ಯಾರ್ನೂ ಕರೆಯಲ್ಲ."

ಅದು ಎಷ್ಟು ಚೆನ್ನಾಗಿ ನಡೆಯಿತು! ಆ ಗೆರೆ ಹಿಡಿದುಕೊಂಡೇ ನೀನು ಜಿಲ್ಲೆಗೆ ಆಡಿದೆ, ಬೆಂಗಳೂರಿಗೆ ಹೋದೆ, ಸಂಬಳ ಕೊಡುವ ಕ್ಲಬ್ಬಿಗೆ ಸೇರಿದೆ. ಅವರು ನಿನ್ನ ಮಂಡಿ ನೋಡಿದರು, ಎದೆಗೆ ತಂತಿ ಹಚ್ಚಿ ನೋಡಿದರು, ಹಲ್ಲು ಕೂಡ ನೋಡಿದರಂತೆ. ಕಿವಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನೀನು ಹ್ಞೂಂ ಅನ್ನುತ್ತಿದ್ದೆ.

ಈ ರೋಗ ಬರುವುದಕ್ಕೆ ಮುಂಚಿನ ವರ್ಷ ಅವ್ವ, ಕಾಕಾ, ನಾನು ಮೂವರೂ ಬೆಂಗಳೂರಿಗೆ ನಿನ್ನ ಆಟ ನೋಡಲು ಬಂದಿದ್ದೆವಲ್ಲ, ಅವ್ವ ಆ ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಿ ಕೂತವಳು ಮೊದಲು ಹೇಳಿದ್ದೇನು ಗೊತ್ತಾ? "ಅಯ್ಯೋ, ನಮ್ಮ ಮಿಲ್ಲಿದ್ದಂಗೇ ಐತಲ್ಲೇ!" ಡೋಲು, ಪೀಪಿ, ಸಾವಿರಾರು ಜನ ಒಂದೇ ಉಸಿರಿಗೆ ಕೂಗುವುದು. ಪಕ್ಕದಲ್ಲಿ ಕೂತ ನನ್ನ ಮಾತು ಅವಳಿಗೆ ಕೇಳುತ್ತಿರಲಿಲ್ಲ. ನಾವಿಬ್ಬರೂ ಗೊತ್ತಿಲ್ಲದ ಹಾಗೆ ಮಿಲ್ಲಿನ ಕೈಮಾತಿಗೆ ಇಳಿದಿದ್ದೆವು. ಕೆಳಗೆ ನೋಡಿದರೆ ನಿಮ್ಮವರೂ ಅದನ್ನೇ ಮಾಡುತ್ತಿದ್ದರು. ಗೋಲಿನಲ್ಲಿ ನಿಂತವನು ಎರಡೂ ತೋಳು ಬೀಸಿ ನಿಮ್ಮನ್ನು ಮುಂದೆ ಕಳಿಸುತ್ತಿದ್ದ. ಗೆರೆಯಾಚೆ ನಿಂತ ಕೋಚ್ ಬೆರಳು ತೋರಿಸಿ, ಎದೆ ಬಡಿದುಕೊಂಡು, ಕೊನೆಗೆ ಬಾಟಲಿ ಒದ್ದು ಹೇಳಬೇಕಾದ್ದನ್ನು ಹೇಳುತ್ತಿದ್ದರು. ಅಷ್ಟು ಜನರ ನಡುವೆ ಎಲ್ಲರೂ ಕಿವುಡರೇ. ಎಲ್ಲರಿಗಿಂತ ಮೊದಲು ಕಣ್ಣು ತಿರುಗಿಸುತ್ತಿದ್ದವನು ನೀನು, ನಿನಗೆ ಅದು ಹುಟ್ಟಿದಾಗಿನಿಂದ ಬಂದ ವಿದ್ಯೆ.

ಅವತ್ತು ನಡುವೆ ಒಮ್ಮೆ ಎದುರಿನ ತಂಡದವನು ನಿನ್ನ ಬೆನ್ನ ಹಿಂದಿನಿಂದ ನುಗ್ಗಿದ. ಅವ್ವ ಎದ್ದು ನಿಂತು ತನ್ನ ಎಡಭುಜವನ್ನು ಎರಡು ಸಲ ತಟ್ಟಿಕೊಂಡಳು. ಹಿಂದೆ ಮೂಟೆ ಬಂತು, ದಾರಿ ಬಿಡು ಎಂದು ಮಿಲ್ಲಿನಲ್ಲಿ ಮಾಡುವ ಕೈಮಾತು. ನೀನು ಅದೇ ಗಳಿಗೆಗೆ ತಿರುಗಿದೆ, ಚೆಂಡು ಕಿತ್ತುಕೊಂಡೆ. ನಿನಗೆ ಅವಳು ಕಂಡಳೋ, ಸುಮ್ಮನೆ ತಿರುಗಿದೆಯೋ, ನನಗೆ ಗೊತ್ತಿಲ್ಲ. ಅವ್ವನಿಗೆ ಮಾತ್ರ ಅನುಮಾನವೇ ಇಲ್ಲ. ಆ ಗೆಲುವು ತನ್ನದೇ ಎಂದು ಇವತ್ತಿಗೂ ಮಿಲ್ಲಿನಲ್ಲಿ ಹೇಳಿಕೊಂಡು ತಿರುಗುತ್ತಾಳೆ.

ಆಮೇಲೆ ಮೈದಾನಕ್ಕೆ ಬೀಗ ಬಿತ್ತು, ಎಲ್ಲರ ಬಾಯಿಗೂ ಬಟ್ಟೆ ಬಂತು. ಬಟ್ಟೆಯ ಸಂಕಟ ನನಗೂ ತಡವಾಗಿ ಹೊಳೆಯಿತು. ನೀನು ಅರ್ಧ ಮಾತು ಕೇಳುತ್ತಿದ್ದದ್ದು ಕಿವಿಯಿಂದಲ್ಲ, ತುಟಿಯಿಂದ. ತುಟಿಯೂ ಮುಚ್ಚಿದ ಮೇಲೆ ನಿನ್ನ ಪಾಲಿಗೆ ಬೆಂಚಿನಲ್ಲಿ ಕೂತವರೆಲ್ಲ ಗೋಡೆಯೇ. ಅದರ ಮೇಲೆ, ನಡುವೆ ಆಡುತ್ತಿದ್ದವನ ಕಾಲು ಉಳುಕಿತು ಎಂದು ನಿನ್ನನ್ನು ಗೆರೆಯಿಂದ ಕಿತ್ತು ಗೋಲಿನ ಮುಂದೆ, ನಟ್ಟನಡುವೆ ನಿಲ್ಲಿಸಿದರು. ನೀನು ಆಗಲ್ಲ ಎನ್ನಬೇಕಿತ್ತು. ಹ್ಞೂಂ ಅಂದೆ.

ಆ ಆಟವನ್ನು ನಾನು ಅವ್ವನ ಮನೆಯಲ್ಲೇ ನೋಡಿದೆ. ಟಿವಿಯವರು ಎಲ್ಲಿಂದಲೋ ಹಿಡಿದಿಟ್ಟ ಜನರ ಸದ್ದನ್ನು ಸೇರಿಸಿ ಹಾಕುತ್ತಿದ್ದರು. ಅವ್ವ, "ಸದ್ದೈತೆ, ಜನ ಎಲ್ಲವ್ರೆ?" ಎಂದು ಟಿವಿಯ ಹಿಂದೆ ಬಗ್ಗಿ ನೋಡುವುದೊಂದು ಬಾಕಿ. ಆ ಸುಳ್ಳು ಸದ್ದಿನ ಕೆಳಗೂ ನಿನ್ನ ಕೋಚ್ ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. "ವೀರೇಶ್! ವೀರೇಶ್!" ಚಳ್ಳಕೆರೆಯಲ್ಲಿ ಕೂತ ನಮಗೆ ಕೇಳುತ್ತಿದೆ, ಅದೇ ಮೈದಾನದಲ್ಲಿ ನಿಂತ ನೀನು ತಿರುಗುತ್ತಿಲ್ಲ. ಅವ್ವ ಟಿವಿಯ ಮುಂದೆ ನಿಂತು ಭುಜ ತಟ್ಟಿಕೊಂಡಳು, ಮತ್ತೆ ತಟ್ಟಿಕೊಂಡಳು. "ಕರೀತಾವ್ರೆ ನೋಡೋ ಮಗಾ, ಈ ಕಡೆ ನೋಡೋ" ಎಂದು ಗಾಜಿಗೆ ಹೇಳಿದಳು. ನಂತರ ಆ ಚೆಂಡು ಬಂತು. ಗೋಲಿನವನು ನಂದು, ಬಿಡು ಎಂದು ಕೂಗಿದ್ದು ನಮಗೂ ಕೇಳಿತು. ನೀನು ಎಗರಿ ತಲೆ ಕೊಟ್ಟೆ, ಚೆಂಡು ನಮ್ಮದೇ ಗೋಲಿಗೆ ಹೋಯಿತು. ನೀನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದೆ. ಅವರೆಲ್ಲ ಒಟ್ಟಿಗೆ ಬೈಯುತ್ತಿದ್ದರು. ಅವ್ವ ಟಿವಿ ಆರಿಸಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅದಾದ ಮೇಲೆ ನಿನ್ನನ್ನು ಬೆಂಚಿನಿಂದ ಏಳಿಸಲಿಲ್ಲ ಎನ್ನುವುದು ನಮಗೆ ಗೊತ್ತು. ಯಾಕೆ ಎನ್ನುವುದು ಗೊತ್ತಾದದ್ದು ಹೋದ ವಾರ. ನಿಮ್ಮ ಅಸಿಸ್ಟೆಂಟ್ ಕೋಚ್ ನನಗೆ ಫೋನ್ ಮಾಡಿದ್ದರು. ಮನೆಯ ನಂಬರ್ ಎಂದು ನೀನು ನನ್ನದನ್ನೇ ಕೊಟ್ಟಿದ್ದೀಯಂತಲ್ಲ. ಕ್ಯಾಂಪಿಗೆ ಬರುತ್ತೀಯೋ ಇಲ್ಲವೋ ಎಂದು ಕೇಳಿ ಕೇಳಿ ಅವರಿಗೂ ನಿನ್ನ ಹೆಬ್ಬೆರಳೇ ಸಿಕ್ಕಿದೆ. ಕನ್ನಡದವರು, ಒಳ್ಳೆಯ ಮನುಷ್ಯರ ಹಾಗೆ ಮಾತಾಡಿದರು. "ಅಮ್ಮಾ, ನಿಮ್ಮ ತಮ್ಮನ ಆಟದಲ್ಲಿ ಏನೂ ಕೊರತೆ ಇಲ್ಲ. ಒಂದೇ ತೊಂದರೆ. ಮಾತು ಕೇಳಲ್ಲ."

ನನಗೆ ಒಂದು ಗಳಿಗೆ ಹಗುರಾಯಿತು ಕಣೋ. ಅಬ್ಬಾ, ಕೊನೆಗೂ ಕಂಡುಹಿಡಿದರಲ್ಲ ಎಂದು. "ಹೌದು ಸಾರ್, ಕೇಳಲ್ಲ. ಚಿಕ್ಕಂದಿನಿಂದಲೂ ಅಷ್ಟೇ, ಎಡಗಡೆಯಂತೂ ಏನೂ ಕೇಳಲ್ಲ" ಎಂದುಬಿಟ್ಟೆ. ಅವರು ನಕ್ಕರು. "ನೀವೇ ಹೇಳ್ತೀರಲ್ಲ! ಎಡಗಡೆಯಿಂದ ಬಲಗಡೆಗೆ ಹಾಕಿದ್ರೂ ಅಷ್ಟೇ, ನಡುವೆ ಹಾಕಿದ್ರೂ ಅಷ್ಟೇ. ಅಹಂಕಾರ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಎಂದರು. ಆಗ ನನಗೆ ಹೊಳೆಯಿತು, ನಾನು ಆಡಿದ ಮಾತು ಒಂದು, ಅವರ ಕಿವಿಗೆ ಹೋದದ್ದು ಇನ್ನೊಂದು. ಇಬ್ಬರೂ ಅದೇ ಎರಡು ಪದ ಹೇಳುತ್ತಿದ್ದೇವೆ, ಮಾತು ಕೇಳಲ್ಲ, ಮಾತು ಕೇಳಲ್ಲ. ಈಗ ಹೇಳು, ಕಿವುಡರು ಯಾರು?

ಸರಿಮಾಡಿ ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ನೀನು ಇಷ್ಟು ವರ್ಷ ಕಟ್ಟಿಕೊಂಡು ಬಂದ ಗಂಟು ಅದು, ನಾನು ಬಿಚ್ಚಿದರೆ ನಿನಗೆ ಹೇಗಾದೀತು? ಫೋನ್ ಇಟ್ಟೆ. ಪಕ್ಕದಲ್ಲಿ ರೇಷ್ಮೆ ಸುತ್ತುತ್ತಿದ್ದ ನಮ್ಮತ್ತೆ "ಏಮಂಟಾಡು?" ಎಂದರು, ಏನಂತಾನೆ ಎಂದು. ನಾನು "ಮಾಟ ವಿನಡಂಟ" ಎಂದೆ, ಮಾತು ಕೇಳಲ್ಲವಂತೆ ಎಂದು. ಅವರು ಸುತ್ತುವುದನ್ನು ನಿಲ್ಲಿಸದೆಯೇ, ಗಂಡುಮಕ್ಕಳು ಯಾವ ಕಾಲಕ್ಕೆ ಮಾತು ಕೇಳಿದ್ದಾರೆ ಬಿಡು ಎಂದು ತೆಲುಗಿನಲ್ಲೇ ನಿಟ್ಟುಸಿರುಬಿಟ್ಟರು. ನೋಡು, ತೆಲುಗಿನಲ್ಲೂ ಅದೇ ಹಣೆಬರಹ. ಕಿವಿ ಕೇಳದವನಿಗೂ ಹೇಳಿದ್ದು ಕೇಳದವನಿಗೂ ಎರಡು ಭಾಷೆಯವರೂ ಒಂದೇ ಪದ ಇಟ್ಟು ಕೂತಿದ್ದಾರೆ.

ಸಿಟ್ಟು ನಿನ್ನ ಮೇಲೆ ಬಂತು, ಅವರ ಮೇಲೆ ಬಂತು, ಪದದ ಮೇಲೂ ಬಂತು. ಆಮೇಲೆ ಮಗ್ಗದಲ್ಲಿ ಕೂತಾಗ ಕರೆಂಟ್ ಮಾತು ನೆನಪಾಯಿತು.

ನಿನಗೆ ನೆನಪಿದೆಯಾ? ಮಿಲ್ಲಿನಲ್ಲಿ ಕೈಮಾತಿಗೆ ಸಿಗದ ಗುಟ್ಟುಗಳನ್ನು ಹೆಂಗಸರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗಿ ಹೇಳಿಕೊಳ್ಳುತ್ತಿದ್ದರು. ಮಿಷನ್ನಿನ ಸದ್ದಿದೆ, ಯಾರಿಗೂ ಕೇಳದು ಎಂಬ ಧೈರ್ಯ. ಥಟ್ಟನೆ ಕರೆಂಟ್ ಹೋಗುತ್ತಿತ್ತು. ಬೆಲ್ಟು ನಿಲ್ಲುತ್ತಿತ್ತು. ಆ ಗಳಿಗೆಗೆ ಯಾರ ಬಾಯಲ್ಲಿ ಏನಿತ್ತೋ ಅದು ಮಿಲ್ಲಿನ ನಡುವೆ ಎಲ್ಲರ ಮುಂದೆ ಬಂದು ಬೀಳುತ್ತಿತ್ತು. "ನಮ್ಮತ್ತೆ ಕೀಲಿಕೈ ಸೊಂಟದಿಂದ ತೆಗೆಯಂಗಿಲ್ಲ" ಎಂಬಂಥವು. (ನಮ್ಮತ್ತೆಯ ವಿಷಯ ಅಲ್ಲ ಮಾರಾಯ, ಅವರಿಗೆ ಓದಲು ಬರುವುದಿಲ್ಲ, ಆದರೂ ಬರೆದಿಡುತ್ತೇನೆ.) ಹಾಗೆ ಬಿದ್ದದ್ದಕ್ಕೆ ಕರೆಂಟ್ ಮಾತು ಎಂದೇ ಹೆಸರು. ಅದಕ್ಕೊಂದು ಕಟ್ಟಳೆಯೂ ಇತ್ತು. ಆಡಿದವಳನ್ನು ಯಾರೂ ಆಮೇಲೆ ಹಂಗಿಸುವ ಹಾಗಿಲ್ಲ. ಕೇಳಿಸಿಕೊಂಡವರೇ ಸೇರಿ ಅವಳಿಗೆ ಚಾ ಕುಡಿಸಬೇಕು.

ಅವ್ವನ ಕರೆಂಟ್ ಮಾತು ನಿನಗೆ ಗೊತ್ತಿಲ್ಲ. ನೀನಿನ್ನೂ ಜೋಳಿಗೆಯಲ್ಲಿದ್ದೆ. ಅಪ್ಪ ಲಾರಿಯ ಮೇಲೆ ದೂರ ಹೋಗಿದ್ದಾರೆ, ದೀಪಾವಳಿಗೆ ಬರುತ್ತಾರೆ, ಯುಗಾದಿಗೆ ಬರುತ್ತಾರೆ ಎಂದು ಅವಳು ಓಣಿಗೆಲ್ಲ ಹೇಳಿಕೊಂಡಿದ್ದಳು. ನನಗೂ ಅದನ್ನೇ ಹೇಳಿದ್ದಳು. ಒಂದು ಮಧ್ಯಾಹ್ನ ನಾನು ನಿನ್ನ ಜೋಳಿಗೆ ತೂಗುತ್ತಿದ್ದೆ. ಅವಳು ಪಕ್ಕದಲ್ಲಿ ಬೀಜ ಆರಿಸುತ್ತಿದ್ದವಳ ಕಿವಿಗೆ ಬಗ್ಗಿದ್ದಳು. ಕರೆಂಟ್ ಹೋಯಿತು. "ಅವ್ನು ಇನ್ನ ಬರಲ್ಲ ಕಣೇ, ಅಲ್ಲೇ ಇನ್ನೊಬ್ಬಳನ್ನ ಮಾಡ್ಕೊಂಡವ್ನೆ." ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಬಿದ್ದ ಮಾತನ್ನು ಮತ್ತೆ ಒಳಗೆ ಹಾಕಿಕೊಳ್ಳಲು ನೋಡಿದಳು. ಯಾರೂ ಅಯ್ಯೋ ಎನ್ನಲಿಲ್ಲ. ಮೂಟೆ ಹೊಲಿಯುತ್ತಿದ್ದ ಸಣ್ಣತಿಮ್ಮಪ್ಪ ಎದ್ದು, "ಬಸವಲಿಂಗಮ್ಮಂಗೆ ಚಾ ತರ್ತೀನಿ, ಕರೆಂಟ್ ಬರೋದ್ರೊಳಗೆ" ಎಂದು ಹೊರಟ. ಮರುದಿನದಿಂದ ಒಬ್ಬಳು ರೊಟ್ಟಿಯಲ್ಲಿ ನಮಗೂ ಪಾಲು ತಂದಳು, ಇನ್ನೊಬ್ಬಳು ಸಂಜೆ ನಿನ್ನನ್ನು ಎತ್ತಿಕೊಂಡು ಮನೆಯ ತನಕ ಬಂದಳು. ಎಷ್ಟೋ ವರ್ಷದ ಮೇಲೆ ಅವ್ವ ನನಗೆ ಹೇಳಿದಳು, "ಅವತ್ತು ಕರೆಂಟ್ ಹೋಗ್ಲಿಲ್ಲಾಂದ್ರೆ ನಾನೇ ಹೋಗ್ಬಿಡ್ತಿದ್ದೆ ಕಣೇ."

ವೀರೇಶ, ಈ ರೋಗ ಬಂದು ದೇಶದ ಮೈದಾನಗಳಿಗೆಲ್ಲ ಕರೆಂಟ್ ಹೋಯಿತು. ನೀನು ಗದ್ದಲದೊಳಗೆ ಬಚ್ಚಿಟ್ಟುಕೊಂಡದ್ದು ನಡುಮೈದಾನದಲ್ಲಿ ಬಿತ್ತು. ಬಿದ್ದದ್ದೇನು ಎಂದು ಅವರಿಗೆ ಗುರುತು ಸಿಗಲಿಲ್ಲ, ಅಹಂಕಾರ ಅಂದುಕೊಂಡರು. ನೀನೂ ಅದು ನಂದಲ್ಲ ಎನ್ನುವವನ ಹಾಗೆ ಕಾಲಲ್ಲಿ ಮುಚ್ಚಿಕೊಂಡು ನಿಂತಿದ್ದೀಯ. ಜನ ಬಂದು ಗದ್ದಲ ಮಾಡಿದರೆ ಮತ್ತೆ ಮುಚ್ಚಿಹೋಗುತ್ತದೆ ಎಂದು ಕಾಯುತ್ತಿದ್ದೀಯ. ನನಗೆ ಅರ್ಥವಾಗುತ್ತದೆ. ನಿನ್ನ ಜಾಗದಲ್ಲಿದ್ದರೆ ನಾನೂ ಕಾಯುತ್ತಿದ್ದೆನೋ ಏನೋ. ಆದರೆ ಜನ ಈ ಸಲ ಬರುವುದಿಲ್ಲವಲ್ಲ, ಏನು ಮಾಡುತ್ತೀ?

ವಲಿಸಾಬ್ ಕಾಕಾನನ್ನೇ ನೋಡು. ಎರಡನೇ ಅಲೆಯಲ್ಲಿ ಆಸ್ಪತ್ರೆಯಿಂದ ಬದುಕಿ ಬಂದದ್ದೇ ದೊಡ್ಡದು ಎಂದು ನಿನಗೂ ಗೊತ್ತು. ಮಾರ್ಕೆಟ್ ಯಾರ್ಡಿನ ಆ ತುದಿಯಿಂದ ಈ ತುದಿಗೆ ನಿನ್ನನ್ನು ಬೈಯುತ್ತಿದ್ದ ಗಂಟಲು ಈಗ ನಾಲ್ಕು ಮಾತಿಗೆ ಒಮ್ಮೆ ನಿಲ್ಲುತ್ತದೆ. ನಾನು ಹೋಗಿದ್ದಾಗ ಒಬ್ಬ ಗಿರಾಕಿ ಮೋಟರಿನ ಬಗ್ಗೆ ಒಂದೇ ಸಮ ಕೇಳುತ್ತಿದ್ದ. ಕಾಕಾ ಕೈ ಅಡ್ಡ ಹಿಡಿದು, "ಭಾಯಿ, ದಮ್ಮಿಲ್ಲ. ನಿಂತ್ಕೋ. ಉಸಿರು ತಗೊಂಡು ಹೇಳ್ತೀನಿ" ಎಂದರು. ಅಷ್ಟೇ. ಗಿರಾಕಿ ನಿಂತುಕೊಂಡ, ಸ್ಟೂಲು ಎಳೆದುಕೊಂಡು ಕೂತ. ಯಾವ ಆಕಾಶವೂ ಬೀಳಲಿಲ್ಲ. ನನ್ನ ಕಡೆ ತಿರುಗಿ, "ಬೇಟಿ, ಅವನಿಗೆ ಕಿವಿ ಇಲ್ಲ, ನನಗೆ ಗಂಟಲಿಲ್ಲ. ಈಗ ಜೋಡಿ ಸರಿಹೋಯ್ತು" ಎಂದು ನಕ್ಕರು. ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು.

ಅಲ್ಲಿಂದ ಮಿಲ್ಲಿಗೆ ಹೋದೆ. ಮಿಷನ್ ಓಡುತ್ತಿತ್ತು. ಜನ ಬಿಡಲ್ಲವಂತೆ ಎಂದು ಅವ್ವನಿಗೆ ಕೈಯಲ್ಲೇ ಹೇಳಿದೆ. ಅವಳು ಮೊರ ಕೆಳಗಿಟ್ಟಳು. ಆಮೇಲೆ ಎಡಗಿವಿಯನ್ನು ಮುಟ್ಟಿಕೊಂಡಳು, ತುಟಿಯ ಮೇಲೆ ಬೆರಳಿಟ್ಟಳು, ಬೆರಳನ್ನು ತೆಗೆದು ಅಂಗೈ ಮುಂದಕ್ಕೆ ಚಾಚಿದಳು. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ನಿನಗೆ ಆ ಭಾಷೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಅವ್ವನ ಮಾತು ತಲುಪಿಸುವುದು ನನ್ನ ಕೆಲಸ, ಬರೆಯುತ್ತೇನೆ: ಕಿವಿದು ಹೇಳಿಬಿಡಪ್ಪ, ಬಾಯಿ ಬಿಡು.

ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಆಣೆ ಮಾಡುವುದಿಲ್ಲ. ಕಿವಿ ಕೇಳದವನು ನಮಗ್ಯಾಕೆ ಎಂದು ಕಳಿಸಿಯೂ ಬಿಡಬಹುದು. ಅವರ ಮಿಲ್ಲಿನಲ್ಲಿ ನಮ್ಮ ಕಟ್ಟಳೆ ಇಲ್ಲ. ನೀನು ವಾಪಸು ಬಂದರೆ ಅನ್ನಕ್ಕೇನೂ ಬರವಿಲ್ಲ, ಅವ್ವನ ಮನೆಯ ಬಾಗಿಲೂ ನನ್ನ ಮನೆಯ ಬಾಗಿಲೂ ತೆರೆದೇ ಇರುತ್ತವೆ. ಆದರೆ ಕಿವಿ ಕೇಳುವುದಿಲ್ಲ ಎಂದು ಅವರು ಕಳಿಸಿ ನೀನು ಬಂದರೆ ಒಂದು. ಅಹಂಕಾರಿ ಎಂಬ ಹೆಸರು ಹೊತ್ತು, ಹೆಬ್ಬೆರಳು ಒತ್ತಿ, ಕದ್ದು ಬಂದಂತೆ ಬಂದರೆ ಅದು ಬೇರೆ. ಆ ಹೆಸರು ನಿನ್ನದಲ್ಲ. ನೀನು ಯಾರ ಮಾತನ್ನೂ ಮೀರಿದವನಲ್ಲ. ಎಲ್ಲದಕ್ಕೂ ಹ್ಞೂಂ ಅಂದವನು.

ಇನ್ನೊಂದು ಮಾತು. ಬೇಡವಾದವನ ಅಕ್ಕನಿಗೆ ಯಾರೂ ಫೋನ್ ಮಾಡಿ ಗೋಳಾಡುವುದಿಲ್ಲ. ಆ ಮನುಷ್ಯರಿಗೆ ನೀನು ಬೇಕು. ಅವರ ಎದುರು ಹೋಗಿ ನಿಲ್ಲು, ಬಲಗಿವಿ ಅವರ ಕಡೆ ಇರಲಿ. ಸಾರ್, ನನಗೆ ಎಡಗಿವಿ ಕೇಳಲ್ಲ, ಬಲಗಿವಿಯೂ ಅಷ್ಟಕ್ಕಷ್ಟೇ, ಮಾತಾಡುವಾಗ ದೂರ ನಿಂತು ಮಾಸ್ಕ್ ಇಳಿಸಿ, ನನ್ನನ್ನು ಗೆರೆಯ ಹತ್ತಿರವೇ ಹಾಕಿ, ಗೋಲಿನವನಿಗೆ ಕೈ ಬೀಸಲು ಹೇಳಿ ಎನ್ನು. ಕಿವಿಗೆ ಮಿಷನ್ ಸಿಗುತ್ತದಂತೆ, ಅದನ್ನೂ ಕೇಳು. 'ಮಾತು ಕೇಳಲ್ಲ' ಎನ್ನಬೇಡ ಮತ್ತೆ, ಅದರ ಗತಿ ನೋಡಿದೆಯಲ್ಲ. 'ಕಿವಿ' ಎಂಬ ಪದ ಮೊದಲು ಬರಲಿ. ಕೇಳಿಸಿಕೊಂಡ ಮೇಲೆ ಅವರು ನಿನಗೆ ಚಾ ಕುಡಿಸಿದರೆ ನಮ್ಮವರು ಎಂದು ತಿಳಿ.

ಜನ ಬಂದೇ ಬರುತ್ತಾರೆ ವೀರೇಶ. ಈ ವರ್ಷ ಆಗದಿದ್ದರೆ ಬರುವ ವರ್ಷ. ಬೀಗ ತೆಗೆದ ಮೊದಲ ಆಟಕ್ಕೆ ನಾವು ಮೂವರೂ ಬರುತ್ತೇವೆ. ಕಾಕಾ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು ಹತ್ತುತ್ತಾರೆ. ಅವ್ವ ಎದ್ದು ನಿಂತು ಭುಜ ತಟ್ಟಿಕೊಳ್ಳಲು ಈಗಲೇ ತಯಾರಾಗಿದ್ದಾಳೆ. ಕೆಳಗೆ ಗೆರೆಯ ಹತ್ತಿರ ನೀನಿಲ್ಲದಿದ್ದರೆ ಅವಳು ಯಾರನ್ನು ನೋಡಿ ತಟ್ಟಿಕೊಳ್ಳಬೇಕು?

ಕಾಗದ ತಲುಪಿದ ಮೇಲೆ ಫೋನ್ ಮಾಡು. ಹೇಳಿದೆಯಾ ಎಂದು ನಾನು ಕೇಳುತ್ತೇನೆ. ನನ್ನ ಮಾತು ನಿನಗೆ ಕೇಳಿಸದಿದ್ದರೆ ದಯವಿಟ್ಟು ಹ್ಞೂಂ ಅನ್ನಬೇಡ. "ಕೇಳಿಸ್ಲಿಲ್ಲ ಅಕ್ಕಾ, ಇನ್ನೊಂದ್ಸಲ ಹೇಳು" ಅನ್ನು. ಇಷ್ಟು ವರ್ಷದಲ್ಲಿ ಒಂದು ಸಲವೂ ನೀನು ನನ್ನ ಹತ್ತಿರ ಹಾಗೆ ಅಂದಿಲ್ಲ. ನಾನು ಇನ್ನೊಂದು ಸಲ ಹೇಳುತ್ತೇನೆ. ಅದೂ ಕೇಳಿಸದಿದ್ದರೆ ಮತ್ತೂ ಹೇಳುತ್ತೇನೆ. ನನಗೆ ಬೇಜಾರಾಗುವುದಿಲ್ಲ ಕಣೋ.

ನಿನ್ನ ಕಾಲಿಗೆ ಯಾವ ಕಣ್ಣೂ ತಾಗದಿರಲಿ, ನಿನ್ನ ಬಾಯಿಗೆ ಧೈರ್ಯ ಬರಲಿ.

ಎಂದೆಂದೂ ನಿನ್ನ ಬಲಗಡೆಗೇ ನಡೆಯುವ,
ಅಕ್ಕ ಶಾಂತಕುಮಾರಿ